ಪಾರ್ಕ್ ಗೇಟಿನ ತಪಾಸಣೆ: ಇಷ್ಟು ಹೊತ್ತು ಯಾಕೆ ನಿಲ್ಲಿಸ್ತಾರೆ?

ಪ್ರಶ್ನೆ: ಸರ್, ನಾವು ಗಂಗಾವತಿಯವರು. ಕಳೆದ ಬೇಸಿಗೆ ರಜೆಯಲ್ಲಿ ಮನೆಮಂದಿಯೆಲ್ಲ ಟಿ.ಟಿ. (ಟೆಂಪೊ ಟ್ರಾವೆಲರ್) ಮಾಡಿಕೊಂಡು ಒಂದು ದೊಡ್ಡ ಥೀಮ್ ಪಾರ್ಕಿಗೆ ಹೋಗಿದ್ದೆವು. ಟಿಕೆಟ್ ಆನ್‌ಲೈನ್‌ನಲ್ಲೇ ತಗೊಂಡಿದ್ದೆವು. ಆದರೂ ಗೇಟಿನ ಸೆಕ್ಯುರಿಟಿ ಹತ್ತಿರ ಒಂದು ಗಂಟೆ ಮೇಲೆ ಬಿಸಿಲಲ್ಲಿ ಪಾಳಿ ಹಚ್ಚಿ ನಿಂತೆವು. ಅತ್ತೆಯವರು ಕಟ್ಟಿಕೊಂಡು ಬಂದಿದ್ದ ರೊಟ್ಟಿ, ಶೇಂಗಾ ಹಿಂಡಿ ಒಳಗೆ ಬಿಡಲಿಲ್ಲ. ಅವರ ಎಲೆಅಡಿಕೆ ಚೀಲದಲ್ಲಿದ್ದ ಅಡಕತ್ತರಿಯನ್ನೂ ತೆಗೆದಿಟ್ಟುಕೊಂಡರು. ಈ ಸಲ ಕ್ರಿಸ್‌ಮಸ್ ರಜೆಗೆ ಮತ್ತೆ ಹೋಗೋಣ ಅಂತ ಮಕ್ಕಳ ಹಟ. ಆದರೆ ಮಾವನವರಿಗೆ ಈಗ ಪೇಸ್‌ಮೇಕರ್ ಹಾಕಿದ್ದಾರೆ, ನಾದಿನಿಗೆ ಐದು ತಿಂಗಳು. ಆ ಯಂತ್ರದಿಂದ ಇವರಿಗೆ ಏನಾದರೂ ಆಗುತ್ತಾ? ಅಷ್ಟು ಹೊತ್ತು ಯಾಕೆ ಹಿಡಿಯುತ್ತೆ? ನಮ್ಮ ಊಟದ ಡಬ್ಬಿ ಬಿಚ್ಚಿಸೋ ಹಕ್ಕು ಅವರಿಗಿದೆಯಾ? ಅಮೆರಿಕದಲ್ಲಿರೋ ನನ್ನ ತಮ್ಮ, ಡಿಸ್ನಿಯಲ್ಲಿ ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ನಡೆದು ಹೋಗ್ತೀವಿ ಅಂತಾನೆ. ನಮ್ಮಲ್ಲಿ ಹಾಗೆ ಯಾಕಿಲ್ಲ?

ಉತ್ತರ: ನಮಸ್ಕಾರ. ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಟ್ಟಿಗೆ ಸೇರಿಕೊಂಡಿವೆ. ಒಂದು ಹಿರಿಯರ, ಬಸುರಿಯ ಆರೋಗ್ಯದ್ದು. ಇನ್ನೊಂದು ಸಮಯ ಮತ್ತು ಮರ್ಯಾದೆಯದ್ದು. ನಾನು ಮೊದಲು ತೋರಣಗಲ್ಲು ಕಡೆಯ ಕಾರ್ಖಾನೆ ಗೇಟುಗಳಲ್ಲಿ, ಆಮೇಲೆ ಪಾರ್ಕು, ವಸ್ತುಪ್ರದರ್ಶನ, ಜಾತ್ರೆಗಳ ಪ್ರವೇಶದ್ವಾರದಲ್ಲಿ ಭದ್ರತೆಯ ಕೆಲಸ ನೋಡಿಕೊಂಡವನು. ಗೇಟಿನ ಆ ಕಡೆ ನಿಂತು ನೋಡಿದ್ದನ್ನೇ ಹೇಳುತ್ತೇನೆ.

ಮೊದಲು ಯಂತ್ರದ ವಿಷಯ. ಗೇಟಿನಲ್ಲಿ ಇರುವುದು ಎರಡು ಬೇರೆ ಬೇರೆ ಯಂತ್ರ. ಜನ ಎರಡನ್ನೂ 'ಎಕ್ಸ್‌-ರೇ' ಅಂತಲೇ ಕರೀತಾರೆ. ಭಯ ಹುಟ್ಟೋದು ಅಲ್ಲೇ. ನೀವು ನಡೆದು ದಾಟುವ ಚೌಕಟ್ಟು ಮೆಟಲ್ ಡಿಟೆಕ್ಟರ್. ಅದರಲ್ಲಿ ಎಕ್ಸ್‌-ರೇ ಇಲ್ಲ. ಅದು ಸುತ್ತಲೂ ಸಣ್ಣ ಕಾಂತಕ್ಷೇತ್ರ ಎಬ್ಬಿಸುತ್ತೆ. ಮೈಮೇಲೆ ಲೋಹ ಇದ್ದರೆ ಆ ಕ್ಷೇತ್ರ ಸ್ವಲ್ಪ ಏರುಪೇರಾಗುತ್ತೆ, ಯಂತ್ರ ಕೂಗುತ್ತೆ. ಅಷ್ಟೇ ಅದರ ಕೆಲಸ. ಎಕ್ಸ್‌-ರೇ ಇರುವುದು ಚೀಲ ಹೋಗುವ ಬೆಲ್ಟಿನ ಪೆಟ್ಟಿಗೆಯೊಳಗೆ. ಅದರ ಎರಡೂ ಬಾಯಿಗೆ ಸೀಸ ಸೇರಿಸಿದ ದಪ್ಪ ಪರದೆ ಪಟ್ಟಿಗಳು ಜೋತಾಡುತ್ತಿರುತ್ತವೆ, ಕಿರಣ ಹೊರಗೆ ಬರದಿರಲಿ ಅಂತ. ಮಕ್ಕಳು ಆ ಪಟ್ಟಿ ಸರಿಸಿ ಕೈ ಹಾಕದಂತೆ ನೋಡಿಕೊಂಡರೆ ಸಾಕು.

ಹಾಗಾಗಿ ನಿಮ್ಮ ನಾದಿನಿ ಚೌಕಟ್ಟು ದಾಟಿ ಹೋದರೆ ಹೊಟ್ಟೆಯಲ್ಲಿರೋ ಕೂಸಿಗೆ ತೊಂದರೆ ಇಲ್ಲ. ಆದರೂ ಮನಸ್ಸಿಗೆ ಅಳುಕು ಅನ್ನಿಸಿದರೆ 'ನಾನು ಬಸುರಿ, ಕೈಯಲ್ಲೇ ತಪಾಸಣೆ ಮಾಡಿ' ಅಂತ ಮಹಿಳಾ ಸಿಬ್ಬಂದಿಗೆ ಹೇಳಲಿ. ಸಾಮಾನ್ಯವಾಗಿ ಯಾರೂ ಇಲ್ಲ ಅನ್ನಲ್ಲ. ಬೆಲ್ಟಿನ ಮೇಲೆ ಹೋದ ಊಟ, ಔಷಧಿ ವಿಷವಾಗುತ್ತೆ ಅನ್ನೋದು ಬರೀ ಗಾಳಿಮಾತು. ಎಕ್ಸ್‌-ರೇ ದಾಟಿ ಹೋಗುತ್ತೆ, ಊಟದಲ್ಲಿ ಉಳಿದುಕೊಳ್ಳೋದಿಲ್ಲ.

ಮಾವನವರ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು, ಗಾಬರಿ ಬೇಡ. ಈಗಿನ ಪೇಸ್‌ಮೇಕರ್ ಹಾಕಿಸಿಕೊಂಡವರು ಚೌಕಟ್ಟನ್ನು ಮಾಮೂಲಿ ನಡಿಗೆಯಲ್ಲಿ ದಾಟಬಹುದು. ಮಾಡಬಾರದ್ದು ಎರಡು: ಚೌಕಟ್ಟಿನ ಒಳಗೇ ನಿಂತುಬಿಡೋದು, ಅದಕ್ಕೆ ಒರಗೋದು. ಸಾಲು ಮುಂದೆ ಸರಿಯದಿದ್ದಾಗ ವಯಸ್ಸಾದವರು ಹಾಗೇ ಕಂಬ ಹಿಡಿದು ನಿಂತುಬಿಡ್ತಾರೆ, ನಾನೇ ಎಷ್ಟೋ ಸಲ ಕೈಹಿಡಿದು ಈಚೆಗೆ ಕರೆದಿದ್ದೇನೆ. ಮುಂದಿನವರು ಪೂರ್ತಿ ದಾಟಿದ ಮೇಲೆ ಹೋಗಲಿ. ಅದಕ್ಕಿಂತ ಮುಖ್ಯ, ಕೈಯಲ್ಲಿ ಹಿಡಿಯುವ ಕೋಲಿನಂಥ ಡಿಟೆಕ್ಟರನ್ನು ಪೇಸ್‌ಮೇಕರ್ ಇರೋ ಜಾಗದ ಮೇಲೆ ಹಿಡಿದು ನಿಲ್ಲಿಸಬಾರದು. ಆಸ್ಪತ್ರೆಯಲ್ಲಿ ಕೊಟ್ಟ ಪೇಸ್‌ಮೇಕರ್ ಕಾರ್ಡ್ ಅಂಗಿ ಜೇಬಿನಲ್ಲೇ ಇರಲಿ. ಮೊದಲೇ ಅದನ್ನು ತೋರಿಸಿ, ಕೈಯಿಂದ ತಡವಿ ನೋಡಿ ಅಂತ ಕೇಳಿ. ಹೊರಡುವ ಮುಂಚೆ ಅವರ ಡಾಕ್ಟರನ್ನೂ ಒಂದು ಮಾತು ಕೇಳಿಕೊಳ್ಳಿ. ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳ್ತೇನೆ: ಒಳಗಿನ ರಭಸದ ಆಟಗಳಿಗೆ ಹೃದಯದ ತೊಂದರೆ ಇರುವವರನ್ನೂ ಬಸುರಿಯರನ್ನೂ ಬಿಡುವುದಿಲ್ಲ. ಇವರಿಬ್ಬರಿಗೆ ಗೇಟಿಗಿಂತ ಒಳಗಿನ ಇಡೀ ದಿನ ಹೇಗೆ ಕಳೆಯುತ್ತೆ ಅನ್ನೋದನ್ನು ಮೊದಲು ಯೋಚಿಸಿ.

ಬೀಪ್ ಅಂದ ಕೂಡಲೇ ನಮ್ಮನ್ನು ಕಳ್ಳರ ಹಾಗೆ ನೋಡ್ತಾರೆ ಅನ್ನೋ ಬೇಜಾರು ಬಹಳ ಜನರಿಗಿದೆ. ಬಂಗಾರ, ಬೆಳ್ಳಿಗೆ ಬೀಪ್ ಬರಲ್ಲ ಅನ್ನೋರೂ ಇದ್ದಾರೆ. ಅದು ಸುಳ್ಳು. ಕರೆಂಟು ಹರಿಯುವ ಯಾವ ಲೋಹಕ್ಕೂ ಯಂತ್ರ ಕೂಗಬಹುದು. ಬಂಗಾರದ ಬಳೆ, ಕಾಲ್ಗೆಜ್ಜೆ, ಸಣ್ಣ ಹುಡುಗರ ಬೆಳ್ಳಿ ಉಡಿದಾರ, ಬೆಲ್ಟಿನ ಬಕಲ್, ಕೀ ಗೊಂಚಲು. ಗಾಜಿನ ಬಳೆಗೆ ಕೂಗಲ್ಲ. ಇದರ ಮೇಲೆ, ಬಹಳಷ್ಟು ಯಂತ್ರಗಳಲ್ಲಿ ಏನೂ ಇಲ್ಲದವರಿಗೂ ಆಗಾಗ ಸುಮ್ನೆ ಕೂಗುವ ವ್ಯವಸ್ಥೆ ಇರುತ್ತೆ. ಮುಖ ನೋಡಿ ಆರಿಸದೆ ಯಾರನ್ನಾದರೂ ತಪಾಸಣೆ ಮಾಡಲಿ ಅಂತ ಇಟ್ಟಿರೋದು. ನಿಮ್ಮ ಸರದಿಗೆ ಕೂಗಿದರೆ ಅದಕ್ಕೆ ನಿಮ್ಮ ಮೇಲೆ ಅನುಮಾನ ಬಂದಿದೆ ಅಂತ ಅರ್ಥವಲ್ಲ.

ಇನ್ನು ಕಾಯುವ ವಿಷಯ. ಗಾರ್ಡುಗಳು ನಿಧಾನ, ಬೇಕಂತಲೇ ಸತಾಯಿಸ್ತಾರೆ ಅನ್ನೋದು ಸಾಲಿನಲ್ಲಿ ಕೇಳಿಬರೋ ಮೊದಲ ಮಾತು. ಅಪರೂಪಕ್ಕೆ ಅದು ನಿಜವೂ ಇರಬಹುದು. ಆದರೆ ಸಾಲು ಉದ್ದ ಆಗೋದಕ್ಕೆ ದೊಡ್ಡ ಕಾರಣ ಬೇರೆ.

ಗಂಗಾವತಿಯವರಿಗೆ ರೈಸ್ ಮಿಲ್ಲಿನ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಮಿಲ್ಲು ಗಂಟೆಗೆ ಇಷ್ಟು ಭತ್ತ ಅಂತ ಅರೆಯುತ್ತೆ. ಲಾರಿಗಳೆಲ್ಲ ಒಂದೇ ಹೊತ್ತಿಗೆ ಬಂದರೆ ಮಿಲ್ಲು ಎಷ್ಟೇ ಚೆನ್ನಾಗಿ ಓಡಿದರೂ ರಸ್ತೆ ಮೇಲೆ ಸಾಲು ನಿಲ್ಲುತ್ತೆ. ಪಾರ್ಕಿನ ಗೇಟೂ ಹಾಗೇ. ಒಂದು ಲೆಕ್ಕ ನೋಡಿ. ನಾಲ್ಕು ಲೇನ್ ಇವೆ, ಒಂದೊಂದರಲ್ಲಿ ನಿಮಿಷಕ್ಕೆ 5 ಜನ ದಾಟುತ್ತಾರೆ ಅಂತ ಇಟ್ಟುಕೊಳ್ಳಿ. ಗಂಟೆಗೆ 1200 ಜನ. ಆ ಒಂದು ಗಂಟೆಯಲ್ಲಿ 1800 ಜನ ಬಂದರೆ 600 ಜನ ಹೊರಗೇ ಉಳಿಯುತ್ತಾರೆ, ಕೊನೆಯವರಿಗೆ ಅರ್ಧ ಗಂಟೆ ಕಾಯುವಿಕೆ. ಈಗ ಒಂದು ಲೇನಿನ ಯಂತ್ರ ಕೈಕೊಟ್ಟಿತು ಅಂತಿಟ್ಟುಕೊಳ್ಳಿ. ಗಂಟೆಗೆ 900 ಜನ ಮಾತ್ರ ದಾಟುತ್ತಾರೆ, 900 ಜನ ಹೊರಗೆ. ಕೊನೆಯವರು ಒಂದು ಗಂಟೆ ನಿಲ್ಲಬೇಕು. ನಿಂತಿದ್ದು ನಾಲ್ಕರಲ್ಲಿ ಒಂದು ಲೇನ್, ಆದರೆ ಕಾಯೋದು ಎರಡು ಪಟ್ಟು ಆಯಿತು. ಹೊರಗಿನಿಂದ ನೋಡಿದರೆ ಗಾರ್ಡುಗಳು ಸೋಮಾರಿಗಳ ಹಾಗೆ ಕಾಣ್ತಾರೆ.

ಎಲ್ಲರೂ ಒಂದೇ ಹೊತ್ತಿಗೆ ಯಾಕೆ ಬರ್ತಾರೆ? ನಮ್ಮ ಕಡೆಯವರನ್ನೇ ನೋಡಿ. ಬಳ್ಳಾರಿ, ಕೊಪ್ಪಳದಿಂದ ರಾತ್ರಿ ಟಿ.ಟಿ. ಹತ್ತುತ್ತೇವೆ, ಇಲ್ಲಾ ಹಂಪಿ ಎಕ್ಸ್‌ಪ್ರೆಸ್ ಹಿಡಿಯುತ್ತೇವೆ. ಬೆಳಗ್ಗೆ ಬೆಂಗಳೂರಲ್ಲಿ ಇಳಿದು, ಎಲ್ಲೋ ಮುಖ ತೊಳೆದು, ಇಡ್ಲಿ ತಿಂದು, ಗೇಟ್ ತೆಗೆಯೋ ಹೊತ್ತಿಗೆ ಸರಿಯಾಗಿ ಹೋಗಿ ನಿಲ್ಲುತ್ತೇವೆ. ರಾಯಚೂರಿನವರು ಹೈದರಾಬಾದ್ ಕಡೆಗೆ ಹೋದರೂ ಇದೇ ಕಥೆ. ಶಾಲಾ ಪ್ರವಾಸದ ಬಸ್ಸುಗಳೂ ಅದೇ ಹೊತ್ತಿಗೇ ಬರ್ತವೆ. ದುಡ್ಡು ಕೊಟ್ಟಿದ್ದೇವೆ, ಇಡೀ ದಿನ ಸಿಗಲಿ ಅನ್ನೋದು ಎಲ್ಲರ ಆಸೆ. ತಪ್ಪೇನಿಲ್ಲ ಅಲ್ವಾ?

ಎರಡನೇ ಕಾರಣ ಚೀಲ. ನನ್ನ ಅಂದಾಜಿನಲ್ಲಿ ಬರಿಗೈಲಿ ಬಂದವರು ಐದಾರು ಸೆಕೆಂಡಿನಲ್ಲಿ ದಾಟುತ್ತಾರೆ. ಚೀಲ ಇದ್ದರೆ ಅರ್ಧ ನಿಮಿಷ. ಚೀಲ ಬಿಚ್ಚಿ ಡಬ್ಬಿ ತೆಗೆಸಿ ವಾದ ಶುರುವಾದರೆ ಮೂರು ನಿಮಿಷ ಎಲ್ಲಿಗೂ ಸಾಲದು. ಆ ಮೂರು ನಿಮಿಷದಲ್ಲಿ ಬರಿಗೈಯವರು 30 ಜನ ದಾಟಬಹುದಿತ್ತು.

ಆ ಮೇಜಿನ ಹತ್ತಿರ ಏನಾಗುತ್ತೆ ಅಂತ ಹೇಳ್ತೇನೆ. ಎಕ್ಸ್‌-ರೇ ಪರದೆಯ ಮೇಲೆ ಊಟ, ಬಟ್ಟೆ, ಕಾಗದ ಎಲ್ಲ ಕೇಸರಿ ಬಣ್ಣದಲ್ಲಿ ಕಾಣುತ್ತೆ. ಉಕ್ಕು, ಕಬ್ಬಿಣ ನೀಲಿ. ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ಅಟ್ಟಿ ಒಂದು ದುಂಡನೆ ಕೇಸರಿ ಮುದ್ದೆ ಥರ ಕಾಣುತ್ತೆ, ನೋಡೋನಿಗೆ ಗೊತ್ತಾಗಿಬಿಡುತ್ತೆ. ಆದರೆ ಮೂರು ನಾಲ್ಕು ಅಂತಸ್ತಿನ ಸ್ಟೀಲ್ ಕ್ಯಾರಿಯರ್ ಬಂದರೆ ಒಂದರ ಮೇಲೊಂದು ಉಕ್ಕು ಸೇರಿ ಪೂರ್ತಿ ಗಾಢ ನೀಲಿ ಆಗುತ್ತೆ. ಒಳಗೆ ಏನಿದೆ ಕಾಣೋದಿಲ್ಲ. ಆಗ ತೆಗೆಸಲೇಬೇಕು. ಮುಚ್ಚಳ ಬಿಚ್ಚಿದ ಕೂಡಲೇ ಶೇಂಗಾ ಹಿಂಡಿ ವಾಸನೆ ಸುತ್ತ ಹರಡುತ್ತೆ. ಒಳಗೆ ಆಯುಧವಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ವಾದ ಶುರುವಾಗೋದೇ ಆಮೇಲೆ. 'ಮನೆ ಊಟ ಅದು, ಬಿಡವ್ವ' ಅಂತ ಅಜ್ಜಿ, 'ರೂಲ್ಸ್ ಅಜ್ಜಿ' ಅಂತ ಹುಡುಗಿ. ಆ ಹುಡುಗಿ ಎಷ್ಟೋ ಸಲ ದೇವದುರ್ಗದವಳೋ ಕುಷ್ಟಗಿಯವಳೋ ಆಗಿರ್ತಾಳೆ, ದುಡಿಯೋಕೆ ಅಂತ ಬೆಂಗಳೂರಿಗೆ ಬಂದಿರ್ತಾಳೆ. ರೊಟ್ಟಿ ನೋಡಿ ಅವಳಿಗೂ ಮನೆ ನೆನಪಾಗಿರುತ್ತೆ. ಬಿಟ್ಟರೆ ಅವಳ ಸಂಬಳಕ್ಕೆ ಕುತ್ತು.

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೇನೆ. ನಮ್ಮ ಪಾರ್ಕುಗಳ ಗೇಟಿನಲ್ಲಿ ಒಂದೇ ಮೇಜಿನ ಮೇಲೆ ಎರಡು ತಪಾಸಣೆ ನಡೀತಿದೆ. ಒಂದು ಭದ್ರತೆಯದ್ದು: ಚಾಕು, ಹೆಂಡ, ಪಟಾಕಿ, ಬೀಡಿ, ಬೆಂಕಿಪೊಟ್ಟಣ. ಇದು ಬೇಕು, ಇದರಲ್ಲಿ ರಾಜಿ ಇಲ್ಲ. ಅಡಕತ್ತರಿ ಈ ಪಟ್ಟಿಗೆ ಸೇರುತ್ತೆ, ಹರಿತವಾದ ಲೋಹ ಅದು. ಇನ್ನೊಂದು ಊಟದ್ದು. ಅದು ಒಳಗಿನ ಹೋಟೆಲ್ ವ್ಯಾಪಾರದ ವಿಷಯ, ಒಂದಿಷ್ಟು ಸ್ವಚ್ಛತೆಯ ವಿಷಯ. ಎರಡನ್ನೂ ಒಬ್ಬಳೇ ಗಾರ್ಡ್ ಕೈಗೆ ಕೊಟ್ಟಿದ್ದರಿಂದ ಸಾಲು ನಿಂತಿದೆ. ಚಾಕು ಹುಡುಕೋದು ಬೇಗ ಆಗುತ್ತೆ, ಚಕ್ಕುಲಿ ಹುಡುಕೋದೇ ತಡ.

ನಿಮ್ಮ ತಮ್ಮ ಹೇಳಿದ್ದೂ ಇದನ್ನೇ ತೋರಿಸುತ್ತೆ. ಅಮೆರಿಕದ ಡಿಸ್ನಿ ಪಾರ್ಕುಗಳ ಗೇಟಿಗೆ ಮೆಟಲ್ ಡಿಟೆಕ್ಟರ್ ಬಂದಿದ್ದೇ 2015ರ ಡಿಸೆಂಬರಿನಲ್ಲಿ. ಅದಕ್ಕೂ ಮುಂಚೆ ಚೀಲ ಬಿಚ್ಚಿ ನೋಡುತ್ತಿದ್ದರು, ಅಷ್ಟೇ. ಕೊರೊನಾ ಬಂದ ಮೇಲೆ ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಹೊಸ ಥರದ ಯಂತ್ರ ಬಂತು. ಚೀಲ ಹೆಗಲಲ್ಲೇ ಇಟ್ಟುಕೊಂಡು ಎರಡು ಕಂಬಗಳ ನಡುವೆ ನಡೆದುಹೋಗಬಹುದು. ಅದು ಹುಡುಕೋದು ಆಯುಧವನ್ನು. ಅದಕ್ಕೂ ಮಿತಿ ಇದೆ: ಛತ್ರಿ, ಕನ್ನಡಕದ ಡಬ್ಬಿಗೂ ಕೂಗಿಬಿಡುತ್ತೆ. ಅದನ್ನು ಮಾಡುವ ಇವಾಲ್ವ್ ಕಂಪನಿ ಯಂತ್ರದ ಶಕ್ತಿಯ ಬಗ್ಗೆ ಇದ್ದದ್ದಕ್ಕಿಂತ ಜಾಸ್ತಿ ಹೇಳಿಕೊಂಡಿದೆ ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಅನ್ನೋ ಸರ್ಕಾರಿ ಸಂಸ್ಥೆ 2024ರ ನವೆಂಬರಿನಲ್ಲಿ ಆಪಾದಿಸಿತು. ಆದರೆ ಮುಖ್ಯ ವ್ಯತ್ಯಾಸ ಯಂತ್ರದ್ದಲ್ಲ. ಡಿಸ್ನಿಯವರು ಹೊರಗಿನ ತಿಂಡಿ ಬಿಡ್ತಾರೆ. ಹೆಂಡ, ಗಾಜಿನ ಬಾಟಲಿ ಬೇಡ ಅಂತಾರೆ. ಊಟ ಹುಡುಕೋ ಕೆಲಸವೇ ಇಲ್ಲದ ಗೇಟಿನಲ್ಲಿ ಸಾಲು ಓಡುತ್ತೆ. ನಮ್ಮ ಕೊಪ್ಪಳದ ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಜನ ಬರ್ತಾರೆ, ಮಹಾದಾಸೋಹದಲ್ಲಿ ಯಾರೂ ನಿಮ್ಮ ಬುತ್ತಿ ಬಿಚ್ಚಿಸಲ್ಲ. ಅಲ್ಲಿ ಊಟ ಕೊಡ್ತಾರೆ, ಇಲ್ಲಿ ಕಸ್ಕೋತಾರೆ, ಅಂತ ನನ್ನ ಜೊತೆ ಕೆಲಸ ಮಾಡಿದ ಒಬ್ಬ ಸೂಪರ್‌ವೈಸರ್ ತಮಾಷೆ ಮಾಡ್ತಿದ್ದ.

ಹಾಗಾದರೆ ಡಬ್ಬಿ ಬಿಚ್ಚಿಸೋ ಹಕ್ಕು ಇದೆಯಾ? ಖಾಸಗಿ ಗಾರ್ಡ್ ಪೊಲೀಸ್ ಅಲ್ಲ. ಬಲವಂತವಾಗಿ ನಿಮ್ಮ ಚೀಲಕ್ಕೆ ಕೈ ಹಾಕುವ ಅಧಿಕಾರ ಅವರಿಗಿಲ್ಲ. ಆದರೆ ತೋರಿಸಲ್ಲ ಅಂದರೆ ಒಳಗೆ ಬಿಡಲ್ಲ ಅನ್ನಬಹುದು. ಟಿಕೆಟ್ ತಗೊಳ್ಳುವಾಗ ಒಪ್ಪಿಕೊಂಡ ಷರತ್ತಿನಲ್ಲಿ ಅದು ಇರುತ್ತೆ, ನಾವ್ಯಾರೂ ಓದಿರಲ್ಲ. ಊಟದ ವಿಷಯದಲ್ಲಿ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಿನಿಮಾ ಮಂದಿರಗಳ ಬಗ್ಗೆ ಒಂದು ತೀರ್ಪು ಕೊಟ್ಟಿತು. ಹೊರಗಿನ ತಿಂಡಿ ಬೇಡ ಅನ್ನೋ ನಿಯಮ ಮಾಡಲು ಮಾಲೀಕರಿಗೆ ಹಕ್ಕಿದೆ. ಆದರೆ ಕುಡಿಯುವ ನೀರು ಉಚಿತವಾಗಿ ಕೊಡಬೇಕು, ಕೂಸಿಗೆ ಬೇಕಾದಷ್ಟು ಆಹಾರ ತರೋದನ್ನು ತಡೆಯಬಾರದು ಅಂತ. ಅದು ಸಿನಿಮಾ ಮಂದಿರದ್ದು, ಪಾರ್ಕಿನದ್ದಲ್ಲ. ಆದರೂ ಪಾರ್ಕಿನವರು ನಡೆಯೋದು ಹೆಚ್ಚುಕಡಿಮೆ ಇದೇ ದಾರಿಯಲ್ಲಿ. ಕೂಸಿನ ಆಹಾರ, ವೈದ್ಯರ ಚೀಟಿ ಇರುವ ಔಷಧಿ ಸಾಮಾನ್ಯವಾಗಿ ಬಿಡ್ತಾರೆ. ಚೀಟಿಯ ಫೋಟೊ ಫೋನಿನಲ್ಲಿ ಇರಲಿ.

ಹೆಂಗಸರ ಮೈ ತಪಾಸಣೆಯನ್ನು ಹೆಂಗಸರೇ ಮಾಡಬೇಕು, ಪರದೆ ಕಟ್ಟಿದ ಜಾಗದಲ್ಲಿ. ಇದರಲ್ಲಿ ಮುಲಾಜು ಬೇಡ. ಗಂಡು ಗಾರ್ಡ್ ಮುಂದೆ ಬಂದರೆ ಜೋರಾಗಿ ಬೇಡ ಅನ್ನಿ, ಸೂಪರ್‌ವೈಸರನ್ನು ಕರೆಸಿ. ಖಾಸಗಿ ಭದ್ರತಾ ಸಂಸ್ಥೆಗಳಿಗೆ 2005ರ ಕೇಂದ್ರ ಕಾಯ್ದೆ ಇದೆ. ಅದರ ಕೆಳಗಿನ ಮಾದರಿ ನಿಯಮದಂತೆ ಹೊಸ ಗಾರ್ಡಿಗೆ 100 ಗಂಟೆ ಪಾಠ, 60 ಗಂಟೆ ಸ್ಥಳದಲ್ಲೇ ತರಬೇತಿ ಆಗಬೇಕು. ಸೀಸನ್ನಿಗೆ ಅಂತ ಅವಸರದಲ್ಲಿ ನಿಲ್ಲಿಸಿದ ಹುಡುಗರನ್ನು ನೋಡಿದರೆ ಗೊತ್ತಾಗಿಬಿಡುತ್ತೆ, ಅಷ್ಟು ಆಗಿಲ್ಲ ಅಂತ. ಹೆಂಗಸರ ಸಾಲು ಯಾವಾಗಲೂ ನಿಧಾನ ಯಾಕೆ ಅಂದರೆ ಕಾರಣ ಸರಳ: ಮಹಿಳಾ ಗಾರ್ಡ್ ಕಡಿಮೆ, ಪರದೆಯೊಳಗೆ ಒಬ್ಬೊಬ್ಬರೇ ಹೋಗಬೇಕು, ಮನೆಯ ಚೀಲವೆಲ್ಲ ಹೆಂಗಸರ ಹೆಗಲಲ್ಲೇ. ಗಂಡಸರು ಕೈಬೀಸಿಕೊಂಡು ಒಳಗೆ ಹೋಗಿ 'ಇನ್ನೂ ಬಂದಿಲ್ವಾ' ಅಂತ ಫೋನ್ ಮಾಡ್ತಾರೆ. ಈ ಸಲ ಚೀಲ ಅವರ ಹೆಗಲಿಗೆ ಹಾಕಿ. ಇದೊಂದರಿಂದಲೇ ನಿಮ್ಮ ಮನೆಯವರೆಲ್ಲ ಒಳಗೆ ಸೇರೋ ಹೊತ್ತು ಸಾಕಷ್ಟು ಕಮ್ಮಿ ಆಗುತ್ತೆ. ಟಿಕೆಟ್ ಮಾತ್ರ ಎರಡು ಫೋನಿನಲ್ಲಿ ಇರಲಿ. ಒಂದೇ ಫೋನು ಒಳಗೆ ಹೋಗಿಬಿಟ್ಟರೆ ಹೊರಗಿದ್ದವರು ಅಲ್ಲೇ.

ಆನ್‌ಲೈನ್ ಟಿಕೆಟ್ ಇದ್ದರೆ ತಪ್ಪೋದು ಟಿಕೆಟ್ ಕೌಂಟರಿನ ಸಾಲು ಮಾತ್ರ. ಜಾಸ್ತಿ ದುಡ್ಡಿನ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಸಾಮಾನ್ಯವಾಗಿ ಒಳಗಿನ ಆಟದ ಸಾಲಿಗೆ. ಸೆಕ್ಯುರಿಟಿಯನ್ನು ಎಲ್ಲರೂ ದಾಟಲೇಬೇಕು. ಅದಕ್ಕಂತ ಯಾರಾದರೂ ಹೊರಗೆ ದುಡ್ಡು ಕೇಳಿದರೆ ಕೊಡಬೇಡಿ.

ನಿಮಗೆ ಇರುವ ದಾರಿಗಳಲ್ಲಿ ಯಾವುದೂ ಪೂರ್ತಿ ಸಲೀಸಲ್ಲ. ಗೇಟ್ ತೆಗೆಯೋಕೆ ಮುಕ್ಕಾಲು ಗಂಟೆ ಮುಂಚೆ ಹೋದರೆ ಸಾಲಿನ ಮುಂದೆ ಇರ್ತೀರಿ, ಆದರೆ ರಾತ್ರಿ ಪ್ರಯಾಣ ಮಾಡಿದ ಮಕ್ಕಳು, ಮಾವನವರು ಅಲ್ಲೇ ಸುಸ್ತಾಗ್ತಾರೆ. ತೆಗೆದ ಮೇಲೆ ಒಂದು ಗಂಟೆ ಬಿಟ್ಟು ಹೋದರೆ ಗೇಟು ಖಾಲಿ ಸಿಗುವ ಸಾಧ್ಯತೆ ಜಾಸ್ತಿ, ಆದರೆ ಒಳಗೆ ದೊಡ್ಡ ಆಟಗಳ ಮುಂದೆ ಆಗಲೇ ಜನ ತುಂಬಿರ್ತಾರೆ. ನಿಮ್ಮ ಮನೆಯ ಸ್ಥಿತಿಗೆ ನಾನು ಈ ಎರಡನೆಯದನ್ನೇ ಹೇಳ್ತೇನೆ. ಮಾವನವರೂ ನಾದಿನಿಯೂ ದೊಡ್ಡ ಆಟ ಹತ್ತಲ್ಲ, ಬಿಸಿಲಲ್ಲಿ ನಿಲ್ಲೋದು ಮಾತ್ರ ತಪ್ಪಬೇಕು. ಹಟ ಹಿಡಿದ ಮಕ್ಕಳನ್ನು ನಿಮ್ಮ ಯಜಮಾನರು ಮುಂಚೆಯೇ ಕರೆದುಕೊಂಡು ಹೋಗಲಿ. ಹಾಗೆ ಎರಡು ಗುಂಪಾದರೆ ಮಕ್ಕಳ ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇರಲಿ. ಇನ್ನೊಂದು, ವೃದ್ಧರಿಗೆ, ಬಸುರಿಯರಿಗೆ ಪಕ್ಕದ ಗೇಟ್ ತೆಗೆಯಿರಿ ಅಂತ ಕೇಳಿ. ಸುಮ್ನೆ ಸಾಲಿನಲ್ಲಿ ನಿಂತರೆ ಯಾರೂ ಬಂದು ಕರೆಯಲ್ಲ. ಕೇಳಿದರೆ ಬಹಳ ಕಡೆ ಬಿಡ್ತಾರೆ.

ವಾರದ ದಿನ ಖಾಲಿ ಇರುತ್ತೆ ಅನ್ನೋದು ಡಿಸೆಂಬರಿನಲ್ಲಿ ನಂಬಬೇಡಿ. ಶಾಲಾ ಪ್ರವಾಸಗಳೆಲ್ಲ ಆಗಲೇ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಬಿಟ್ಟು, ಸಂಕ್ರಾಂತಿ ಕಳೆದ ಮೇಲೆ ಹೋಗೋಕಾದರೆ ಅದೇ ಒಳ್ಳೇದು.

ರೊಟ್ಟಿ ಬುತ್ತಿ ಕಟ್ಟಿಕೊಂಡೇ ಹೋಗಿ, ಆದರೆ ಗಾಡಿಯಲ್ಲಿ ಕೂತು ಹೊಟ್ಟೆ ತುಂಬ ತಿಂದು ಗೇಟಿಗೆ ಬನ್ನಿ. ಉಳಿದದ್ದು ಗಾಡಿಯಲ್ಲೇ ಇರಲಿ. ಮಧ್ಯಾಹ್ನ ಹೊರಗೆ ಬಂದು ತಿಂದು ಮತ್ತೆ ಒಳಗೆ ಹೋಗ್ತೀವಿ ಅಂತ ಲೆಕ್ಕ ಹಾಕಬೇಡಿ, ಬಹಳ ಕಡೆ ಒಮ್ಮೆ ಹೊರಗೆ ಬಂದರೆ ಮುಗೀತು. ಮೊದಲೇ ಫೋನ್ ಮಾಡಿ ಕೇಳಿ. ಇನ್ಸುಲಿನ್ ಇದ್ದರೆ ಅದನ್ನು ಮಾತ್ರ ಗಾಡಿಯಲ್ಲಿ ಬಿಡಬೇಡಿ. ಎಕ್ಸ್‌-ರೇ ಬೆಲ್ಟ್ ಅದನ್ನು ಕೆಡಿಸಲ್ಲ, ಬಿಸಿಲಲ್ಲಿ ನಿಂತ ಗಾಡಿ ಕೆಡಿಸುತ್ತೆ. ಒಳಗೆ ತರೋ ಚೀಲ ಒಂದೇ ಇರಲಿ, ಅದರಲ್ಲಿ ಸ್ಟೀಲ್ ಡಬ್ಬಿ ಬೇಡ. ಸಾಲು ಆರಿಸುವಾಗ ಗಿಡ್ಡ ಸಾಲು ನೋಡಬೇಡಿ, ಚೀಲ ಕಡಿಮೆ ಇರೋ ಸಾಲು ನೋಡಿ. ಕಾಲೇಜು ಹುಡುಗರ ಉದ್ದ ಸಾಲು ಮೂರು ಸಂಸಾರಗಳ ಗಿಡ್ಡ ಸಾಲಿಗಿಂತ ಬೇಗ ಕರಗುತ್ತೆ.

ಕಾಯೋದಕ್ಕಿಂತ ನನಗೆ ಹೆಚ್ಚು ಚಿಂತೆ ಇರೋದು ಒತ್ತುವಿಕೆಯ ಬಗ್ಗೆ. ಗೇಟಿನ ಬಾಯಲ್ಲೇ ಅಪಾಯ ಆಗೋದು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 11 ಜನ ಪ್ರಾಣ ಕಳೆದುಕೊಂಡರು. ಟಿಕೆಟ್ ಎಣಿಸಿ ಮಾರುವ ಪಾರ್ಕಿನಲ್ಲಿ ಅಂಥ ಪರಿಸ್ಥಿತಿ ಅಪರೂಪ. ಆದರೂ ಗುರುತು ತಿಳಿದಿರಲಿ. ಎರಡೂ ಕೈ ಎತ್ತಿ ಎದೆ ಹತ್ತಿರ ತರೋಕೆ ಆಗದಷ್ಟು ಒತ್ತಿ ನಿಂತಿದ್ದರೆ, ಹಿಂದಿನವರು ತಳ್ಳಿದ್ದಕ್ಕೆ ನೀವು ನಿಮಗರಿವಿಲ್ಲದೆ ಮುಂದೆ ಸರಿಯುತ್ತಿದ್ದರೆ, ಆ ಸಾಲು ಬಿಡಿ. ಎದುರಿಗೆ ತಳ್ಳಬೇಡಿ, ಜನರ ಸಂದಿಯಲ್ಲಿ ಓರೆಯಾಗಿ ಪಕ್ಕಕ್ಕೆ ಬನ್ನಿ, ಕೂಸನ್ನು ಎತ್ತಿಕೊಳ್ಳಿ. ಸ್ಥಳ ಹೋದರೆ ಹೋಗಲಿ.

ಕಳೆದ ಸಲದ ಹಾಗೆ ಮತ್ತೆ ಆದರೆ ಗಾರ್ಡ್ ಹತ್ತಿರ ಜಗಳ ಮಾಡಬೇಡಿ. ಲೇನ್ ಎಷ್ಟು ತೆಗೆಯಬೇಕು ಅನ್ನೋದು ಅವಳ ಕೈಯಲ್ಲಿಲ್ಲ. ಡ್ಯೂಟಿ ಮ್ಯಾನೇಜರನ್ನು ಕರೆಸಿ ಎರಡೇ ಮಾತು ಕೇಳಿ: ಇರೋ ಲೇನ್ ಎಷ್ಟು, ಈಗ ನಡೀತಿರೋದು ಎಷ್ಟು? ನಿಂತ ಸಮಯದ ಒಂದು ಫೋಟೊ ಆರಂಭದಲ್ಲಿ, ಒಂದು ಕೊನೆಯಲ್ಲಿ ತೆಗೆದಿಡಿ. ಅಡಕತ್ತರಿಯಂಥ ವಸ್ತು ಇಟ್ಟುಕೊಂಡರೆ ಟೋಕನ್ ಕೇಳಿ ಪಡೆಯಿರಿ. ನೆರಳಿಲ್ಲ, ನೀರಿಲ್ಲ, ಹೆಂಗಸರಿಗೆ ಮಹಿಳಾ ಗಾರ್ಡ್ ಇಲ್ಲ ಅನ್ನೋ ದೂರಿದ್ದರೆ ಮೊದಲು ಪಾರ್ಕಿಗೆ ಇಮೇಲ್ ಮಾಡಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಟಿಕೆಟ್ ನಂಬರ್ ಕೈಯಲ್ಲಿ ಇಟ್ಟುಕೊಂಡೇ ಮಾತಾಡಿ.